ಮಧುಮೇಹಿಗಳು ಅರಿತಿರಬೇಕಾದುದು

ಮಧುಮೇಹವೆಂಬ ಹೆಸರನ್ನು ಕೇಳದ ಮನೆಯು ಈಗ ವಿರಳ. ಆದರೆ ಹೆಸರನ್ನು ಬಲ್ಲವರೆಲ್ಲರೂ ರೋಗವನ್ನು ಬಲ್ಲವರಲ್ಲ. ನಮ್ಮ ಪರಿಚಿತ ಗೃಹಸ್ಥರೊಬ್ಬರು ರಕ್ತಪರೀಕ್ಷೆಯ ಫಲವು ಚೆನ್ನಾಗಿ ಬಂದುದನ್ನು ಕಂಡು, ರೋಗವೇ ವಾಸಿಯಾಯಿತೆಂದು ಬಗೆದು ಗುಳಿಗೆಗಳನ್ನು ನಿಲ್ಲಿಸಿದರು. ಕೆಲವು ತಿಂಗಳ ಮೇಲೆ ಅಂಗಾಲಿನಲ್ಲಾದ ಸಣ್ಣ ಗಾಯವು ಮಾಯದೆ ಅವರು ಆಸ್ಪತ್ರೆಯನ್ನು ಸೇರಬೇಕಾಯಿತು. ಸಕ್ಕರೆಯು ಹತೋಟಿಯಲ್ಲಿದ್ದುದು ಔಷಧದ ಬಲದಿಂದಲೇ ಎಂಬುದನ್ನು ಅವರಿಗೆ ಯಾರೂ ತಿಳಿಯಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಇಂತಹ ಭ್ರಾಂತಿಗಳು ಇನ್ನೂ ಉಂಟು. ಬೆಲ್ಲದಿಂದ ಬಾಧಕವಿಲ್ಲವೆಂಬರು, ಅದೂ ರಕ್ತದ ಸಕ್ಕರೆಯನ್ನು ಏರಿಸುವುದು. ರಾಗಿಮುದ್ದೆಗೆ ಮಿತಿ ಬೇಡವೆಂಬರು. ಅದರಲ್ಲಿಯೂ ಪಿಷ್ಟವೇ ಪ್ರಧಾನ. ಇನ್ಸುಲಿನ್ ಚುಚ್ಚುಮದ್ದು ಕಡೆಗಾಲದ ಚಿಕಿತ್ಸೆಯೆಂದು ಅಂಜುವರು. 1922ರಲ್ಲಿ ಟೊರಾಂಟೊ ನಗರದಲ್ಲಿ ಅದನ್ನು ಮೊದಲು ಪಡೆದ 14 ವರ್ಷದ ಬಾಲಕನು ಸಾವಿನ ಅಂಚಿನಿಂದ ಮರಳಿ ಇನ್ನೂ 13 ವರ್ಷ ಬಾಳಿದನು.

ಮನೆಯವರೆಲ್ಲರೂ ಅರಿಯತಕ್ಕ ಸಂಗತಿಗಳು ಕೆಲವಿವೆ. ಒಂದು ದಿನದ ರಕ್ತಪರೀಕ್ಷೆಯು ಆ ಹೊತ್ತಿನ ಸ್ಥಿತಿಯನ್ನಷ್ಟೇ ತಿಳಿಸುವುದು. ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ ಸುಮಾರು 3 ತಿಂಗಳ ಸ್ಥಿತಿಯನ್ನು ತೋರುವುದು. ಬೆವರು, ನಡುಕಗಳು ಕಂಡು ಸಕ್ಕರೆಯ ಪ್ರಮಾಣವು 70ಕ್ಕಿಂತ ಇಳಿದರೆ, ಒಡನೆಯೇ 3 ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಪಾದಗಳಲ್ಲಿ ನೋವಿನ ಅರಿವು ಕುಂದುವ ಸಂಭವವಿರುವುದರಿಂದ ಅವನ್ನು ಪ್ರತಿದಿನವೂ ಕಣ್ಣಿನಿಂದ ನೋಡಿಕೊಳ್ಳತಕ್ಕದ್ದು.

ವಾಚಕರು ತಮ್ಮ ಸಂದೇಹಗಳನ್ನು ಬರೆದುಕೊಂಡು ಹೋಗಿ ವೈದ್ಯರನ್ನು ಸಂಕೋಚವಿಲ್ಲದೆ ಕೇಳಲಿ. ಗುಳಿಗೆಯು ಏಕೆಂಬುದನ್ನು ಬಲ್ಲವನು ಅದನ್ನು ತಾನಾಗಿ ಬಿಡಲಾರನು.