ಡಿಸ್ಕ್ ಮುಟ್ಟದ ಬ್ರೌಸರ್

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೆಯ ಕಂಪ್ಯೂಟರುಗಳು ತುಮಕೂರಿನಲ್ಲೂ ಇವೆ, ಗುಬ್ಬಿ, ಕುಣಿಗಲ್‌ಗಳಲ್ಲೂ ಇವೆ. ಅವಕ್ಕೆ ಲಿನಕ್ಸ್ ಹಾಕಬಹುದು, ಆದರೆ ಹೊಸಬರು ಎಡವುವುದು ಇನ್‌ಸ್ಟಾಲರಿನಲ್ಲೇ. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ ಫೆಡೋರಾ 42 ವರ್ಕ್‌ಸ್ಟೇಷನ್ನಿನಲ್ಲೂ ಅಕ್ಟೋಬರ್‌ನ ಓಪನ್‌ಸೂಸೆ ಲೀಪ್ 16ರಲ್ಲೂ ಇನ್‌ಸ್ಟಾಲರಿನ ಮುಖ ಒಂದು ವೆಬ್ ಪುಟ. ಹಾಗೆಂದು ಅದಕ್ಕೆ ಇಂಟರ್ನೆಟ್ ಬೇಕೆಂದಲ್ಲ. ಪುಟವೂ ಅದನ್ನು ತೋರಿಸುವ ಫೈರ್‌ಫಾಕ್ಸೂ ಪೆನ್‌ಡ್ರೈವಿನಲ್ಲೇ ಇರುತ್ತವೆ. ಬ್ರೌಸರ್ ಡಿಸ್ಕನ್ನು ಮುಟ್ಟುವುದೂ ಇಲ್ಲ. ಅದು ನಮ್ಮನ್ನು ಕೇಳಿ ಉತ್ತರವನ್ನು ಹಿನ್ನೆಲೆಯಲ್ಲಿ ನಡೆಯುವ ಸೇವೆಗೆ ದಾಟಿಸುತ್ತದೆ. ಅಳಿಸುವುದು, ಪಾರ್ಟಿಷನ್ ಮಾಡುವುದು ಆ ಸೇವೆಯ ಕೆಲಸ. ಹೊಸ ವಿನ್ಯಾಸದ ನಿಜವಾದ ಲಾಭ ಪರದೆಯ ಚೆಂದದಲ್ಲಿಲ್ಲ, ಕೇಳುವವನನ್ನೂ ಮಾಡುವವನನ್ನೂ ಹೀಗೆ ಬೇರೆ ಮಾಡಿದ್ದರಲ್ಲಿದೆ.

ಕನ್ನಡ ಓದುಗರಿಗೆ ಇದರಿಂದ ಏನಾದರೂ ಸಿಕ್ಕಿತೇ? ‘ಗುಬ್ಬಿ’ ಎಂಬ ಹೆಸರು ಕಂಪ್ಯೂಟರಿನ ಸ್ಮೃತಿಯಲ್ಲಿ ಆರು ಸಂಕೇತಗಳ ಸಾಲು. ಕೊನೆಯದು ಇಕಾರ, ಎರಡನೆಯ ಬಕಾರದ ನಂತರ ಬರುವಂಥದು. ತೆರೆಯ ಮೇಲೆ ಮಾತ್ರ ಅದು ಮೊದಲ ಬಕಾರದ ನೆತ್ತಿಗೇರಬೇಕು, ಎರಡನೆಯ ಬಕಾರ ಒತ್ತಾಗಿ ಕೆಳಗಿಳಿಯಬೇಕು. ಲಿನಕ್ಸಿನ ಬರಿಯ ಕಪ್ಪು ಕನ್ಸೋಲಿಗೆ ಹೆಚ್ಚೆಂದರೆ 512 ಅಕ್ಷರರೂಪಗಳು, ಒಂದು ಮನೆಗೆ ಒಂದು; ಈ ಹತ್ತಿಳಿಯುವ ಆಟ ಅದಕ್ಕೆ ಗೊತ್ತಿಲ್ಲ. ಡೆಬಿಯನ್ ಇನ್‌ಸ್ಟಾಲರ್ ಕನ್ನಡವನ್ನು ಗ್ರಾಫಿಕಲ್ ರೂಪದಲ್ಲಿ ಮಾತ್ರ ಕೊಡುವುದು ಅದಕ್ಕೇ. ಹಾಗಾದರೆ ಬ್ರೌಸರಿಲ್ಲದೆಯೂ ಕನ್ನಡ ಮೂಡುತ್ತದಲ್ಲ ಎಂದು ಕೇಳಬಹುದು. ಒಪ್ಪಬೇಕಾದ ಮಾತೇ. ಬ್ರೌಸರ್ ಅನುವಾದವನ್ನೂ ಮಾಡಿಕೊಡುವುದಿಲ್ಲ, ಅದಕ್ಕೆ ಮನುಷ್ಯರೇ ಕೂರಬೇಕು. ಭಾಷೆಯೊಂದನ್ನೇ ಮುಂದಿಟ್ಟುಕೊಂಡು ಬ್ರೌಸರಿನ ಪರ ವಾದಿಸಿದರೆ ವಾದ ನಿಲ್ಲುವುದಿಲ್ಲ.

ಇದಕ್ಕಿಂತ ಗಟ್ಟಿ ಆಕ್ಷೇಪ ತೂಕದ್ದು. ಆಧುನಿಕ ಬ್ರೌಸರ್ ರ‍್ಯಾಮ್ ನುಂಗುತ್ತದೆ. ಹಳೆಯ ಯಂತ್ರಕ್ಕೆ ಜೀವ ಕೊಡಲು ಹೋಗಿ ಅದನ್ನೇ ಏದುಸಿರು ಬಿಡಿಸುವುದು ಯಾವ ಜಾಣತನ? ಕೇಳುವವನನ್ನೂ ಮಾಡುವವನನ್ನೂ ಬೇರೆ ಮಾಡಿದ್ದರ ಲಾಭ ಕಾಣುವುದು ಇಲ್ಲೇ. ಲೀಪ್ 16ರ ಇನ್‌ಸ್ಟಾಲರ್ ಅಗಾಮಾವನ್ನು ಅದೇ ನೆಟ್‌ವರ್ಕಿನ ಇನ್ನೊಂದು ಕಂಪ್ಯೂಟರಿನ ಬ್ರೌಸರಿನಿಂದ ನಡೆಸಬಹುದು. ಕುಣಿಗಲ್ಲಿನ ಒಂದು ಶಾಲೆಯ ಲ್ಯಾಬಿನಲ್ಲಿ ಮಾನಿಟರ್ ಕೆಟ್ಟ ಯಂತ್ರವಿದೆ ಎಂದಿಟ್ಟುಕೊಳ್ಳಿ. ಪಕ್ಕದ ಕಂಪ್ಯೂಟರಿನಿಂದಲೇ ಅದಕ್ಕೆ ಲಿನಕ್ಸ್ ಹಾಕಲು ಬರುತ್ತದೆ. ತುಮಕೂರಿನಿಂದ ಇಂಟರ್ನೆಟ್ ಮೂಲಕ ಅಲ್ಲಿಗೆ ತಲುಪುವುದು ಬೇರೆಯೇ ತಲೆನೋವು, ಮಧ್ಯದಲ್ಲಿ ರೂಟರ್ ಅಡ್ಡ ನಿಂತಿರುತ್ತದೆ.

ಡಿಸ್ಕನ್ನೇ ಅಳಿಸಬಲ್ಲ ಪುಟವನ್ನು ನೆಟ್‌ವರ್ಕಿಗೆ ಬಿಡುವುದು ಅಪಾಯವಲ್ಲವೇ? ಅಪಾಯವೇ. ಪಾಸ್‌ವರ್ಡೂ ಗೂಢಲಿಪಿ ಹಾಕಿದ ಸಂಪರ್ಕವೂ ಇರಲೇಬೇಕು, ಜೊತೆಗೆ ಬಂದ ಕೋರಿಕೆ ಸರಿಯೇ ಎಂದು ಹಿನ್ನೆಲೆಯ ಸೇವೆ ತಾನೂ ಪರಿಶೀಲಿಸಬೇಕು. ಆದರೆ ಹೆಚ್ಚಿನ ಅನಾಹುತ ಮಾಡುವವರು ಕಳ್ಳರಲ್ಲ, ಗೊಂದಲಕ್ಕೆ ಬಿದ್ದ ನಾವೇ. ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದಷ್ಟೇ ತೋರಿಸಿದರೆ ಯಾವುದು ಡಿಸ್ಕ್, ಯಾವುದು ಪೆನ್‌ಡ್ರೈವ್ ಎಂದು ಯಾರಿಗೆ ತಿಳಿಯಬೇಕು? ತಯಾರಕರ ಹೆಸರು, ಗಾತ್ರ, ಅದರೊಳಗೆ ಈಗ ವಿಂಡೋಸ್ ಇದೆ ಎಂಬ ವಿಷಯ, ಇಷ್ಟೂ ‘ಅಳಿಸು’ ಬಟನ್ನಿನ ಪಕ್ಕದಲ್ಲೇ ಇರಬೇಕು. ಪರದೆಯ ಎದುರು ಕೂತವರ ಕಾಲ ಬುಡದಲ್ಲಿ ಆ ಯಂತ್ರ ಇಲ್ಲದಿರುವಾಗಲಂತೂ ಅದರ ಹೆಸರೂ ಪುಟದ ನೆತ್ತಿಯ ಮೇಲೆ ಕಾಣುತ್ತಿರಬೇಕು.