ಕಾರಿಲ್ಲದೆ ಕಾರ್ಖಾನೆಗೆ: ಒಂದು ಲೆಕ್ಕಾಚಾರ

ಕಾರ್ಖಾನೆಯ ಯಂತ್ರವೊಂದು ದಿನದಲ್ಲಿ ಎಷ್ಟು ಗಂಟೆ ಕೆಲಸವಿಲ್ಲದೆ ನಿಂತಿರುತ್ತದೆ ಎಂಬುದು ಮಾಲೀಕರಿಗೆ ಬಾಯಿಪಾಠವಾಗಿರುತ್ತದೆ. ಅದೇ ಮಾಲೀಕರ ಕಾರು ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂವರೆ ಗಂಟೆ ಓಡಿ, ಉಳಿದ ಇಪ್ಪತ್ತೊಂದೂಕಾಲು ಗಂಟೆ ನಿಂತೇ ಇರುತ್ತದೆ. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಢಾವೆ ಪತ್ರಿಕೆಯ 'ವಾಹನಗಳು' ಎಂಬ ಒಂದೇ ಸಾಲಿನಲ್ಲಿ ಸರಕು ಸಾಗಿಸುವ ಟೆಂಪೊ ಹಾಗೂ ಮಾಲೀಕರ ಕಾರು ಒಟ್ಟಿಗೆ ಕುಳಿತಿರುತ್ತವೆ. ಮೊದಲನೆಯದು ದುಡಿಯುವ ಆಸ್ತಿ. ಎರಡನೆಯದು ಅಂತಹುದೇ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಹದಿನೈದು ವರ್ಷಗಳ ಹಿಂದೆ "ಕಾರಿಲ್ಲದೆ ಹೋಗುವುದಾದರೂ ಹೇಗೆ?" ಎಂಬ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಬೆಂಗಳೂರಿನ ಮಟ್ಟಿಗೆ ಆ ಪರಿಸ್ಥಿತಿ ಹಂತಹಂತವಾಗಿ ಬದಲಾಗಿದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಮಹಾತ್ಮಗಾಂಧಿ ರಸ್ತೆಯ ನಡುವೆ ಆರಂಭವಾದ ಮೆಟ್ರೊ ರೈಲು 2014ರಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವನ್ನು ಮುಟ್ಟಿತು. 2017ರ ಜೂನ್‌ನಲ್ಲಿ ಆ ಮಾರ್ಗವು ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಗಳ ಮೂಲಕ ನಗರದ ದಕ್ಷಿಣಕ್ಕೆ ಕೂಡಿಕೊಂಡಿತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ಮಾರ್ಗ ಸಂಪೂರ್ಣಗೊಂಡಿತು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗಿನ 19 ಕಿ.ಮೀ. ಮಾರ್ಗವು ಸಂಚಾರಕ್ಕೆ ತೆರೆಯಿತು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ 'ಚಿಗರಿ' ಬಸ್ಸುಗಳೂ ಅಲ್ಲಿಯ ವರ್ತಕರಿಗೆ ಪರಿಚಿತವೇ. ಸೌಕರ್ಯ ಬಂದಿದ್ದರೂ ಅಭ್ಯಾಸ ಮಾತ್ರ ಹಳೆಯದೇ ಉಳಿದಿದೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಜಯನಗರದಲ್ಲಿ ವಾಸಿಸುವ ಉದ್ದಿಮೆದಾರರೊಬ್ಬರು ಪೀಣ್ಯದಲ್ಲಿ ಯಂತ್ರಭಾಗಗಳ ಘಟಕ ನಡೆಸುತ್ತಾರೆ ಎಂದಿಟ್ಟುಕೊಳ್ಳಬಹುದು. ಕಾರಿನ ಒಟ್ಟು ಬೆಲೆ 12 ಲಕ್ಷ ರೂಪಾಯಿ. ಆರು ವರ್ಷಗಳ ನಂತರ ಮಾರಿದರೆ 5 ಲಕ್ಷ ಬರಬಹುದು. ಅಲ್ಲಿಗೆ ವರ್ಷಕ್ಕೆ ಸರಾಸರಿ 1,16,667 ರೂಪಾಯಿ ಬೆಲೆ ಕರಗುತ್ತದೆ. ಕಾರಿನಲ್ಲಿ ಸಿಲುಕಿದ ಸರಾಸರಿ ಬಂಡವಾಳ ಎಂಟೂವರೆ ಲಕ್ಷ. ಅದೇ ಹಣ ಬ್ಯಾಂಕಿನ ಸಿ.ಸಿ. ಖಾತೆಯಲ್ಲಿದ್ದಿದ್ದರೆ ಶೇ. 10ರ ದರದಲ್ಲಿ 85,000 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ಕಾರನ್ನು ಸಾಲವಿಲ್ಲದೆ ಕೊಂಡವರು ತಮಗೆ ಬಡ್ಡಿಯ ಹೊರೆ ಇಲ್ಲವೆಂದು ಭಾವಿಸುತ್ತಾರೆ. ಅತ್ತ ದುಡಿಯುವ ಬಂಡವಾಳಕ್ಕಾಗಿ ಬ್ಯಾಂಕಿಗೆ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿರುತ್ತಾರೆ. ಇವೆರಡರ ನಡುವಿನ ಸಂಬಂಧವನ್ನು ಗುರುತಿಸುವವರು ವಿರಳ.

ವಿಮೆಗೆ 30,000, ರಿಪೇರಿ ಮತ್ತು ಟೈರುಗಳಿಗೆ 35,000 ಎಂದು ಅಂದಾಜಿಸಬಹುದು. ದಿನಕ್ಕೆ 36 ಕಿ.ಮೀ.ಯಂತೆ 300 ದಿನಕ್ಕೆ 10,800 ಕಿ.ಮೀ.; ನಗರದ ದಟ್ಟಣೆಯಲ್ಲಿ ಲೀಟರಿಗೆ 12 ಕಿ.ಮೀ. ಹಿಡಿದರೆ 900 ಲೀಟರು ಪೆಟ್ರೋಲು. 103 ರೂಪಾಯಿ ದರದಲ್ಲಿ 92,700. ಎಲ್ಲವೂ ಸೇರಿ ವರ್ಷಕ್ಕೆ ಸುಮಾರು 3,59,000 ರೂಪಾಯಿ, ಅಂದರೆ ಕೆಲಸದ ಪ್ರತಿ ದಿನಕ್ಕೆ ಹತ್ತಿರ ಹತ್ತಿರ 1,200 ರೂಪಾಯಿ. ತಿಂಗಳಿಗೆ 20,000 ಸಂಬಳದ ಚಾಲಕರಿದ್ದರೆ ಇದು 2,000ಕ್ಕೆ ಏರುತ್ತದೆ. ಮೆಟ್ರೊ, ಆಟೊ ಎಲ್ಲ ಸೇರಿಸಿ ದಿನಕ್ಕೆ 250 ರೂಪಾಯಿ ಎಂದು ಧಾರಾಳವಾಗಿ ಹಿಡಿದರೂ ವರ್ಷಕ್ಕೆ 75,000 ಮಾತ್ರ. ಚಾಲಕರ ಸಂಬಳವನ್ನು ಬಿಟ್ಟರೂ ವ್ಯತ್ಯಾಸ 2,84,000 ರೂಪಾಯಿ. ಶೇ. 8ರ ನಿವ್ವಳ ಲಾಭದಲ್ಲಿ ವ್ಯವಹರಿಸುವ ಘಟಕವು ಇಷ್ಟು ಲಾಭ ಗಳಿಸಲು 35 ಲಕ್ಷ ರೂಪಾಯಿಗೂ ಮೀರಿ ಮಾರಾಟ ಮಾಡಬೇಕಾಗುತ್ತದೆ.

ಆದರೆ ಈ ಲೆಕ್ಕದಲ್ಲಿ ಎಚ್ಚರ ವಹಿಸಬೇಕಾದ ಅಂಶವೊಂದಿದೆ. ಕಾರನ್ನು ಮನೆಯ ಮುಂದೆ ನಿಲ್ಲಿಸಿ ಮೆಟ್ರೊದಲ್ಲಿ ಹೊರಟರೆ ಬೆಲೆ ಕರಗುವುದೂ ನಿಲ್ಲುವುದಿಲ್ಲ, ವಿಮೆಯೂ ತಪ್ಪುವುದಿಲ್ಲ. ಆಗ ಉಳಿಯುವುದು ಪೆಟ್ರೋಲು ಮತ್ತು ರಿಪೇರಿಯ ಒಂದಂಶ ಮಾತ್ರ. ಅದರಲ್ಲಿ ಪ್ರಯಾಣದ 75,000 ಕಳೆದರೆ ಕೈಯಲ್ಲಿ ನಿಲ್ಲುವುದು ಸುಮಾರು 35,000 ರೂಪಾಯಿ. ನಿಜವಾದ ಲಾಭ ದೊರೆಯುವುದು ಎರಡನೆಯ ಕಾರನ್ನು ಮಾರಿದವರಿಗೆ ಅಥವಾ ಹಳೆಯದಾದ ಕಾರಿನ ಬದಲು ಹೊಸದನ್ನು ಕೊಳ್ಳದೆ ಇರುವವರಿಗೆ. ಆದ್ದರಿಂದ ಈ ವಿಚಾರ ಮಾಡಬೇಕಾದ ಸಮಯವೆಂದರೆ ಷೋರೂಂಗೆ ಹೋಗುವುದಕ್ಕೆ ಮುಂಚಿನ ವಾರ.

"ಕಂಪನಿಯ ಹೆಸರಿನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆ" ಎಂಬ ಮಾತು ವರ್ತಕ ವಲಯದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಕಾರಿನ ಮೇಲೆ ಶೇ. 15ರ ಸವಕಳಿ ದೊರೆಯುವುದು ನಿಜ. ಆದರೆ ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ ಸಿಗುತ್ತದೆ. ಸ್ವಂತ ಬಳಕೆಯ ಪಾಲನ್ನು ಅಧಿಕಾರಿಗಳು ತಳ್ಳಿಹಾಕಬಹುದು. ನೂರು ರೂಪಾಯಿ ವೆಚ್ಚ ಮಾಡಿ ಮೂವತ್ತು ರೂಪಾಯಿ ತೆರಿಗೆ ಉಳಿಸಿದರೆ ಎಪ್ಪತ್ತು ರೂಪಾಯಿ ಹೋಯಿತೆಂದೇ ಅರ್ಥ. ಜಿಎಸ್‌ಟಿಯ ವಿಷಯ ಇನ್ನೂ ಕಠಿಣ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ದರ ಶೇ. 18ಕ್ಕೆ ಇಳಿದಿದ್ದರೂ, ಚಾಲಕರೂ ಸೇರಿ ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ತೆರಿಗೆಗೆ ಮುಂಚಿನ ಬೆಲೆ 10 ಲಕ್ಷವಿದ್ದರೆ ಅದರ ಮೇಲೆ ತೆತ್ತ 1.80 ಲಕ್ಷವೂ ವೆಚ್ಚವೇ.

ಹಣಕ್ಕಿಂತ ಹೆಚ್ಚಾಗಿ ನಷ್ಟವಾಗುವುದು ವೇಳೆ. ಟಾಮ್‌ಟಾಮ್ ಸಂಸ್ಥೆಯ 2022ರ ವರದಿಯ ಪ್ರಕಾರ ಬೆಂಗಳೂರಿನ ಕೇಂದ್ರಭಾಗದಲ್ಲಿ 10 ಕಿ.ಮೀ. ಕ್ರಮಿಸಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಸ್ಟಿಯರಿಂಗ್ ಹಿಡಿದವರು ಆ ಅವಧಿಯಲ್ಲಿ ಬಾಕಿದಾರರ ಪಟ್ಟಿ ನೋಡುವಂತಿಲ್ಲ, ಕೊಟೇಷನ್ ತಿದ್ದುವಂತಿಲ್ಲ. ಫೋನಿನಲ್ಲಿ ಮಾತನಾಡುವುದಂತೂ ಅಪರಾಧ. ಆದರೂ ಮಾತನಾಡುವವರೇ ಹೆಚ್ಚು. ರೈಲಿನಲ್ಲಿ ಆಸನ ಸಿಗದೆ ನಿಂತರೂ ಒಂದು ಪತ್ರ ಓದಬಹುದು. ನಿಲ್ದಾಣಕ್ಕೆ ಹೋಗಿ ಬರುವ ನಡಿಗೆ ದಿನಕ್ಕೆ ಅರ್ಧ ಗಂಟೆಯಾದರೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ವಾರಕ್ಕೆ 150 ನಿಮಿಷಗಳ ವ್ಯಾಯಾಮ ಐದೇ ದಿನದಲ್ಲಿ ಪೂರೈಸುತ್ತದೆ.

ಪೇಟೆಯ ಅಂಗಡಿಗಳ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಗಿರಾಕಿಗಳಿಗೆ ವಾಹನ ನಿಲ್ಲಿಸಲು ಜಾಗವಿಲ್ಲ, ಅದರಿಂದ ವ್ಯಾಪಾರ ಕುಸಿಯುತ್ತಿದೆ ಎಂಬುದು ವರ್ತಕರ ನಿರಂತರ ದೂರು. ಆದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಂಗಡಿಯ ಮುಂದಿನ ಜಾಗವನ್ನು ಆಕ್ರಮಿಸಿ ರಾತ್ರಿಯವರೆಗೆ ಬಿಡದಿರುವುದು ಬಹುಪಾಲು ಮಾಲೀಕರ ಕಾರು ಮತ್ತು ನೌಕರರ ಸ್ಕೂಟರುಗಳೇ. ಒಂದು ಕಾರು ಹತ್ತು ಗಂಟೆ ನಿಂತ ಜಾಗದಲ್ಲಿ ಅರ್ಧ ಗಂಟೆಗೊಬ್ಬರಂತೆ ಇಪ್ಪತ್ತು ಗಿರಾಕಿಗಳು ಬಂದು ಹೋಗಬಹುದಿತ್ತು. ಚಿಕ್ಕಪೇಟೆಯಂತಹ ಇಕ್ಕಟ್ಟಿನ ಬೀದಿಗಳಲ್ಲಿ ಇದು ಸಣ್ಣ ಮಾತಲ್ಲ.

ತೊಡಕುಗಳಿಲ್ಲವೆಂದಲ್ಲ. ದಿನಕ್ಕೆ ಮೂರು ನಾಲ್ಕು ಕಡೆ ಗಿರಾಕಿಗಳನ್ನು ಕಾಣಬೇಕಾದವರಿಗೆ, ಭಾರವಾದ ಮಾದರಿಗಳನ್ನು ಒಯ್ಯುವವರಿಗೆ, ರಾತ್ರಿ ಪಾಳಿ ಮುಗಿಸಿ ಹಿಂದಿರುಗುವವರಿಗೆ ಈ ಮಾರ್ಗ ಹೊಂದದು. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದ್ದು ಕಾರ್ಮಿಕರಿಗೆ ಭಾರವಾಯಿತು. ಅಂತಸ್ತಿನ ಪ್ರಶ್ನೆಯೂ ಇದೆ. ಸಾಲ ಕೊಡುವ ಬ್ಯಾಂಕಿನವರು ಕಾರನ್ನಲ್ಲ, ಖಾತೆಯ ವಹಿವಾಟನ್ನು ನೋಡುತ್ತಾರೆ ಎಂದು ಎಷ್ಟು ಹೇಳಿದರೂ ಅದು ಬೇಗ ಮನಸ್ಸಿಗೆ ಇಳಿಯುವುದಿಲ್ಲ.

ದೊಡ್ಡ ತೊಡಕು ನಿಲ್ದಾಣದಿಂದ ಘಟಕದವರೆಗಿನ ಕೊನೆಯ ಒಂದೆರಡು ಕಿ.ಮೀ. ಕೈಗಾರಿಕಾ ಪ್ರದೇಶಗಳ ಪಾದಚಾರಿ ಮಾರ್ಗಗಳ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಅಕ್ಕಪಕ್ಕದ ಏಳೆಂಟು ಘಟಕಗಳು ಸೇರಿ ಪಾಳಿಯ ವೇಳೆಗೆ ಹೊಂದುವಂತೆ ಒಂದು ಮಿನಿ ಬಸ್ಸನ್ನು ಗೊತ್ತುಪಡಿಸಿಕೊಂಡರೆ ಮಾಲೀಕರಿಗೂ ಕಾರ್ಮಿಕರಿಗೂ ಅನುಕೂಲ. ಹದಿಮೂರಕ್ಕಿಂತ ಹೆಚ್ಚು ಆಸನಗಳ ವಾಹನಕ್ಕೆ ಮೇಲೆ ಹೇಳಿದ ಜಿಎಸ್‌ಟಿ ನಿರ್ಬಂಧ ಅನ್ವಯಿಸುವುದಿಲ್ಲ ಎಂಬುದನ್ನು ಕರಾರು ಮಾಡಿಕೊಳ್ಳುವಾಗ ಗಮನದಲ್ಲಿಡಬೇಕು.

ಕಾರನ್ನು ಮಾರುವ ಮಾತು ಬಂದಾಗ ಹಲವರನ್ನು ತಡೆಯುವುದು ಲೆಕ್ಕವಲ್ಲ, ಹತ್ತಾರು ವರ್ಷ ಜೊತೆಗಿದ್ದ ಚಾಲಕ. ಅವರ ಜೀವನೋಪಾಯದ ಪ್ರಶ್ನೆಯನ್ನು ಬದಿಗಿಡಲಾಗದು. 2024ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಲಘು ಮೋಟಾರು ವಾಹನದ ಲೈಸೆನ್ಸ್ ಉಳ್ಳವರು 7,500 ಕೆ.ಜಿ. ಒಟ್ಟು ತೂಕದೊಳಗಿನ ಸಾರಿಗೆ ವಾಹನವನ್ನೂ ಪ್ರತ್ಯೇಕ ಅನುಮೋದನೆ ಇಲ್ಲದೆ ಓಡಿಸಬಹುದೆಂದು ತೀರ್ಪು ನೀಡಿದೆ. ಸಣ್ಣ ಘಟಕಗಳ ಸರಕಿನ ಟೆಂಪೊಗಳು ಬಹುತೇಕ ಈ ಮಿತಿಯೊಳಗೇ ಬರುತ್ತವೆ. ಕಾರು ಮಾರಿದ ಹಣದಲ್ಲಿ ಅಂತಹ ಟೆಂಪೊ ಕೊಂಡರೆ ಅದರ ಮೇಲಿನ ತೆರಿಗೆಯ ಜಮೆ ದೊರೆಯುತ್ತದೆ. ಹೊರಗಿನ ಸಾಗಣೆದಾರರಿಗೆ ಕೊಡುತ್ತಿದ್ದ ಬಾಡಿಗೆಯಲ್ಲಿ ಚಾಲಕರ ಸಂಬಳ ಹೊರಡುತ್ತದೆಯೇ ಎಂಬುದನ್ನು ಹಿಂದಿನ ವರ್ಷದ ಸಾಗಣೆ ವೆಚ್ಚದ ಖಾತೆ ತೆರೆದು ನೋಡಿದರೆ ತಿಳಿಯುತ್ತದೆ.