ದೇವರಗುಡ್ಡದ ಕಾರಣಿಕ: ನಂಬುವವರು, ಪ್ರಶ್ನಿಸುವವರು
ದಸರೆ ಬಂತಂದ್ರೆ ಹೊಸರಿತ್ತಿಯಿಂದ ರಾಣೆಬೆನ್ನೂರಿನವರೆಗೆ ಎಲ್ಲರ ಕಿವಿ ಹಾವೇರಿ ಜಿಲ್ಲೆಯ ದೇವರಗುಡ್ಡದ ಕಡೆಗೆ. ಅಲ್ಲಿ ದೇವರ ಸೇವಕ ಗೊರವಯ್ಯ ಎತ್ತರದ ಬಿಲ್ಲೇರಿ ‘ಸದ್ದಲೇ’ ಅಂತಾನೆ. ನೆರೆದ ಜನವೆಲ್ಲ ಗಪ್‌ಚುಪ್. ಆಗ ಅವನು ನುಡಿಯುವ ಭವಿಷ್ಯವಾಣಿಯೇ ಕಾರಣಿಕ, ಒಂದೇ ಸಾಲು. ಮಳೆ, ಬೆಳೆ, ರಾಜಕಾರಣ ಅಂತ ಅರ್ಥ ಹಲವು.

ವರ್ಷ ಕಳೆದ ಮೇಲೆ ಶುರು ಜಗಳ. ‘ನಿಜವಾಯ್ತಲ್ಲ’ ಅಂತ ಭಕ್ತರು, ‘ಆಮೇಲೆ ಹೊಂದಿಸಿದ್ದು’ ಅಂತ ವಿಚಾರವಾದಿಗಳು. ಬೈಗುಳದಿಂದ ಈ ಜಗಳ ಬಗೆಹರಿಯೋದಿಲ್ಲ, ಪರೀಕ್ಷೆ ಬೇಕು.

ಅಂಥ ಪ್ರಯತ್ನ ಹಿಂದೊಮ್ಮೆ ನಡೆದಿತ್ತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾಗೆ ಪತ್ರ ಬರೆದರು: ಸಮಿತಿಯ ಎದುರು ಪವಾಡ ತೋರಿಸಿ. ಉತ್ತರ ಬರಲಿಲ್ಲ. 1977ರಲ್ಲಿ ಸಮಿತಿಯೇ ಮುಚ್ಚಿತು.

ಆದರೆ ಕಾರಣಿಕದ ಪರೀಕ್ಷೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅದರ ಅರ್ಥವನ್ನು ಕಾರಣಿಕ ನುಡಿದ ದಿನವೇ ಬರೆದಿಡಿ. ಮುಂದಿನ ದಸರೆಗೆ ಮಳೆ ಲೆಕ್ಕದ ಜತೆ ಭಕ್ತರು, ವಿಚಾರವಾದಿಗಳು ಇಬ್ಬರೂ ಕೂತು ತಾಳೆ ನೋಡಿ.